ಬೈಕಿನ ಹಿಂದೆ ಕಟ್ಟುವ ತೋಟದ ಟ್ರೇಲರ್: ಪೆಟ್ಟಿಗೆಗಿಂತ ಕೊಂಡಿಯನ್ನು ನೋಡಿ

ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಹೊರೆ ಸಾಗಿಸುವ ಕೆಲಸಕ್ಕೆ ಕೊನೆಯೆಂಬುದಿಲ್ಲ. ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತೋಟಕ್ಕಿಳಿಯಬೇಕು, ತೋಟದಿಂದ ಗೊನೆ ಅಂಗಳಕ್ಕೇರಬೇಕು. ಟ್ರ್ಯಾಕ್ಟರ್ ನುಗ್ಗಲಾಗದ ಕಿರಿದಾದ ದಾರಿಗಳಿಗೆಂದು ಪೇಟೆಯ ವೆಲ್ಡಿಂಗ್ ಶಾಪೊಂದರಲ್ಲಿ ಮಾಡಿಕೊಡುವ ಎರಡು ಚಕ್ರದ ಟ್ರೇಲರನ್ನು ಕಳೆದ ಕೊಯ್ಲಿನಿಂದ ನಮ್ಮ 100 ಸಿಸಿ ಬೈಕಿಗೆ ಕಟ್ಟಿ ಬಳಸುತ್ತಿದ್ದೇವೆ.

ಚೌಕಟ್ಟು ಚೌಕ ಪೈಪಿನದು, ತಳಕ್ಕೆ ತಗಡು, ಚಕ್ರಗಳು ಆಟೋರಿಕ್ಷಾದ 4.00-8 ಅಳತೆಯವು. ಟೈರು, ಟ್ಯೂಬು ಎಲ್ಲಿಯೂ ಸಿಗುವುದರಿಂದ ಇದು ಜಾಣ ಆಯ್ಕೆ. ಸ್ಪ್ರಿಂಗ್ ಇಲ್ಲದ ಕಾರಣ ಖಾಲಿ ಹೋಗುವಾಗ ಊರಿಗೇ ಕೇಳುವಷ್ಟು ಸದ್ದು ಮಾಡುತ್ತದೆ.

ಈ ಟ್ರೇಲರಿನ ನಿಜವಾದ ಬೆಲೆಯಿರುವುದು ಕೊಂಡಿಯಲ್ಲಿ. ಟ್ರ್ಯಾಕ್ಟರಿನ ಮಾದರಿಯಲ್ಲಿ ಒಂದೇ ಪಿನ್ ಹಾಕಿ ಜೋಡಿಸಿದರೆ ಟ್ರೇಲರ್ ಎಡಕ್ಕೂ ಬಲಕ್ಕೂ ತಿರುಗುತ್ತದೆಯೇ ಹೊರತು, ತಿರುವಿನಲ್ಲಿ ಬೈಕು ವಾಲಲು ಅವಕಾಶ ಕೊಡುವುದಿಲ್ಲ; ವಾಲಿಸಲು ಹೋದಾಗ ಪಿನ್ ಬಾಗುತ್ತದೆ, ಇಲ್ಲವೇ ವೆಲ್ಡಿಂಗ್ ಬಿರುಕು ಬಿಡುತ್ತದೆ. ಕೆಲವರು ಹಳೆಯ ಜೀಪಿನ ಶಾಫ್ಟಿನ ಕ್ರಾಸ್ (ಎಡಬಲಕ್ಕೂ ಮೇಲೆಕೆಳಗೂ ಬಾಗುವ ಯೂನಿವರ್ಸಲ್ ಜಾಯಿಂಟ್) ತಂದು ಹಾಕಿಸುತ್ತಾರೆ. ಆದರೆ ತಿರುಗುವ ಬಲವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ದಾಟಿಸುವುದೇ ಕ್ರಾಸಿನ ಕೆಲಸವಾದ್ದರಿಂದ, ಅದೊಂದರಿಂದಲೇ ವಾಲುವಿಕೆಯ ತೊಂದರೆ ನೀಗುವುದಿಲ್ಲ. ಈ ಶಾಪಿನವರು ಕ್ರಾಸಿನ ಹಿಂದೆ, ಎಳೆಯುವ ಪೈಪಿನೊಳಗೆ, ಬೈಕು ವಾಲಲು ಅನುವಾಗುವಂತೆ ತನ್ನ ಸುತ್ತ ತಾನೇ ತಿರುಗುವ ಬುಶ್ ಕೂರಿಸಿ ಗ್ರೀಸ್ ನಿಪ್ಪಲ್ ಇಟ್ಟಿದ್ದಾರೆ. ಕೊಂಡಿಯನ್ನು ಕ್ಯಾರಿಯರಿಗೆ ಬಿಗಿಯದೆ ನೇರವಾಗಿ ಚಾಸಿಗೇ ಬಿಗಿದಿರುವುದೂ ಮೆಚ್ಚತಕ್ಕದ್ದು. ಕೊಂಡಿ ಕಳಚಿದರೆ ಹಿಡಿದಿಡುವ ಸರಪಳಿಯನ್ನು ಮಾತ್ರ ನಾವೇ ಕೇಳಿ ಹಾಕಿಸಿಕೊಳ್ಳಬೇಕಾಯಿತು.

ಹೊರೆಯ ತೂಕ ಅಚ್ಚಿಗಿಂತ ತುಸು ಮುಂದೆ ಬೀಳುವಂತೆ ತುಂಬಬೇಕು. ಒಟ್ಟು ಭಾರದ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲಿದ್ದರೆ ಸಾಕು. ಹಿಂದೆ ಹೆಚ್ಚಾದರೆ ಬೈಕಿನ ಹಿಂಚಕ್ರ ಹಗುರಾಗಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಸಮತಟ್ಟಿನಲ್ಲಿ ಗೊನೆ ತುಂಬಿಕೊಂಡು ಬೈಕು ಆರಾಮವಾಗಿ ಎಳೆಯುತ್ತದೆ, ಏರಿನಲ್ಲಿ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಇಳಿಜಾರು ಇದರ ದೊಡ್ಡ ದೌರ್ಬಲ್ಯ: ಟ್ರೇಲರಿಗೆ ಸ್ವಂತ ಬ್ರೇಕಿಲ್ಲದ ಕಾರಣ ತುಂಬಿದ ಭಾರವೆಲ್ಲ ಹಿಂದಿನಿಂದ ಬೈಕನ್ನು ದೂಡುತ್ತದೆ, ಹಾಗಾಗಿ ಮೊದಲೇ ಒಂದನೇ ಗೇರಿಗೆ ಇಳಿಸಿ ಎಂಜಿನ್ ಬಲದಿಂದಲೇ ವೇಗ ತಡೆಯಬೇಕು, ಒದ್ದೆ ದರಕಿನ ಮೇಲೆ ಮುಂದಿನ ಬ್ರೇಕನ್ನು ಮುಟ್ಟಲೇಬಾರದು. ರಿವರ್ಸ್ ಎಂಬ ಮಾತೇ ಇಲ್ಲ. ಕೊಂಡಿ ಕಳಚಿ ಕೈಯಿಂದ ತಿರುಗಿಸಿಕೊಳ್ಳಬೇಕು.

ಇದನ್ನೇ ಕಟ್ಟಿಕೊಂಡು ಸೊಸೈಟಿಗೂ ಹೋಗಬಹುದೇ ಎಂದು ಕೇಳುವವರಿದ್ದಾರೆ. ನೋಂದಣಿ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಅಷ್ಟು ಸಾಕು. ಹೊರೆ ಎತ್ತರವಾದಾಗ ಬೈಕಿನ ಹಿಂದಿನ ದೀಪವೂ ನಂಬರ್ ಪ್ಲೇಟೂ ಮುಚ್ಚಿಹೋಗುತ್ತವೆ. ಆದ್ದರಿಂದ ನಾವು ಇದನ್ನು ಗೇಟಿನಾಚೆ ಒಯ್ಯುವುದಿಲ್ಲ.

ನಮಗೆ 18,000 ರೂಪಾಯಿ ಬಿದ್ದಿದೆ. ಸಮತಟ್ಟು ದಾರಿಯ ತೋಟದವರಿಗೆ ಆ ಬೆಲೆ ಹೆಚ್ಚೇನಲ್ಲ. ಕಡಿದಾದ ಇಳಿಜಾರಿನವರು ಇನ್ನಷ್ಟು ಹಣ ಕೂಡಿಸಿ, ಸ್ವಂತ ಬ್ರೇಕಿರುವ ಮೋಟೋಕಾರ್ಟನ್ನೇ (ಎಂಜಿನ್ನಿನಿಂದ ಓಡುವ ಪುಟ್ಟ ಹೊರೆಗಾಡಿ) ಕೊಳ್ಳುವುದು ಲೇಸು.