ಡಿಲೇ, ಶಫ್ಲಿಂಗ್, ಮಾಸ್ಕಿಂಗ್: ಚಿಪ್‌ನ ಕೀ ಉಳಿಸಿದ್ದು ಯಾವುದು?

ಡೇಟಾವನ್ನು ಗುಟ್ಟಾದ ಕೀಯಿಂದ ಗೂಢಲಿಪಿಗೆ ತಿರುಗಿಸುವ ಎಇಎಸ್ ವಿಧಾನ ಕಾಗದದ ಮೇಲೆ ತುಂಬಾ ಗಟ್ಟಿ. ಆದರೆ ಅದನ್ನು ನಡೆಸುವ ಚಿಪ್ಪೇ ಕಳ್ಳನ ಕೈಗೆ ಸಿಕ್ಕರೆ? ಒಳಗಿನ ಡೇಟಾ ಬದಲಾದ ಹಾಗೆ ಚಿಪ್ ಎಳೆಯುವ ಕರೆಂಟೂ ಚೂರು ಏರಿಳಿಯುತ್ತದೆ. ಅದನ್ನು ಅಳೆದೇ ಕೀ ತೆಗೆಯಬಹುದು ಅಂತ ಕ್ರಿಪ್ಟೋಗ್ರಾಫರ್ ಪಾಲ್ ಕೋಚರ್ ಮತ್ತು ಜೊತೆಗಾರರು 1999ರಲ್ಲೇ ತೋರಿಸಿದ್ದರು.

ಈ ಕರೆಂಟ್ ಅಳೆಯುವ ಚಿಪ್‌ವಿಸ್ಪರರ್ ಬೋರ್ಡ್‌ಗೆ ಎಸ್‌ಟಿಎಂ32 ಎಂಬ ಸಣ್ಣ ಕಂಟ್ರೋಲರ್ ಚಿಪ್ ಜೋಡಿಸಿ ನಾನೂ ನೋಡಿದೆ. ಯಾವ ರಕ್ಷಣೆಯೂ ಇಲ್ಲದಾಗ 50 ಟ್ರೇಸ್ (ಒಂದು ಸಲದ ಎನ್‌ಕ್ರಿಪ್ಷನ್‌ಗೆ ಕರೆಂಟಿನ ಒಂದು ದಾಖಲೆ) ಸಾಕಾಯಿತು. 16 ಬೈಟ್ ಕೀ ಪೂರ್ತಿ ಹೊರಗೆ ಬಂತು.

ಮೊದಲು ರ್‍ಯಾಂಡಮ್ ಡಿಲೇ ಹಾಕಿದೆ. ನಡುನಡುವೆ ಸುಮ್ನೆ ಸುತ್ತುವ ಖಾಲಿ ಲೂಪ್, ಅಷ್ಟೇ. ಬರೆಯೋದು ಸುಲಭ, ಮುರಿಯೋದೂ ಅಷ್ಟೇ ಸುಲಭ. ಆ ಲೂಪ್ ಟ್ರೇಸ್‌ನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಎದ್ದು ಕಾಣುತ್ತದೆ. ಅಷ್ಟನ್ನು ಕತ್ತರಿಸಿ ಉಳಿದದ್ದನ್ನು ಸಾಲಾಗಿ ಜೋಡಿಸಿದರೆ ಕೀ ಮತ್ತೆ ಸಿಕ್ಕಿತು.

ಶಫ್ಲಿಂಗ್ ಇದಕ್ಕಿಂತ ವಾಸಿ. 16 ಬೈಟ್‌ಗಳ ಸರದಿ ಪ್ರತಿ ಸಲವೂ ಬೇರೆ. ಸೀದಾ ದಾಳಿ ಮಾಡಿದರೆ ಸುಮಾರು 256 ಪಟ್ಟು ಟ್ರೇಸ್ ಬೇಕು. ಆದರೆ ಟ್ರೇಸ್‌ನ 16 ಜಾಗಗಳನ್ನೂ ಕೂಡಿಸಿ ನೋಡುವವನಿಗೆ ಸುಮಾರು 16 ಪಟ್ಟು ಸಾಕು. ಅದೇನೂ ಜಾಸ್ತಿ ಅಲ್ಲ, ಅಲ್ವಾ?

ನನ್ನ ಮನಸ್ಸು ಗೆದ್ದದ್ದು ಮಾಸ್ಕಿಂಗ್. ಪ್ರತಿ ಬೈಟ್‌ಗೂ ಒಂದು ರ್‍ಯಾಂಡಮ್ ಸಂಖ್ಯೆಯನ್ನು, ಅಂದರೆ ಮಾಸ್ಕನ್ನು, ಎಕ್ಸಾರ್ ಮಾಡಿ (ಬಿಟ್‌ಗೆ ಬಿಟ್ ಬೆರೆಸಿ, ಎರಡು ಸಲ ಬೆರೆಸಿದರೆ ವಜಾ ಆಗುವ ಹಾಗೆ), ನಿಜವಾದ ಬೆಲೆ ಚಿಪ್ ಒಳಗೂ ಬರಿಮೈಯಲ್ಲಿ ಓಡಾಡದ ಹಾಗೆ ಮಾಡೋದು. ಆದರೂ ಮೊದಲ ಸಲ ಸೋರಿತು. ಎರಡು ದಿನ ಗ್ರಾಫ್ ಮುಂದೆ ಕೂತ ಮೇಲೆ ಕಾರಣ ತಿಳಿಯಿತು. ಎಸ್-ಬಾಕ್ಸ್‌ಗೆ (ಬೈಟ್ ಬದಲಿಸುವ ಎಇಎಸ್‌ನ ಟೇಬಲ್) ಹೋಗುವಾಗಲೂ ಬರುವಾಗಲೂ ನಾನು ಒಂದೇ ಮಾಸ್ಕ್ ಇಟ್ಟಿದ್ದೆ. ಹಳೆಯ ಬೆಲೆ ಇದ್ದ ರಿಜಿಸ್ಟರ್ (ಚಿಪ್ ಒಳಗಿನ ಪುಟ್ಟ ಸ್ಮೃತಿ) ಮೇಲೇ ಹೊಸ ಬೆಲೆ ಬಂದು ಕೂತಾಗ, ಮಾಸ್ಕ್‌ಗೆ ಮಾಸ್ಕ್ ವಜಾ ಆಗಿ ಗುಟ್ಟು ಕರೆಂಟ್‌ನಲ್ಲಿ ಕಾಣುತ್ತಿತ್ತು. ಸಿ ಕೋಡ್ ಎಷ್ಟು ಸಲ ಓದಿದರೂ ಇದು ಗೊತ್ತಾಗಲ್ಲ, ಅಳೆದೇ ನೋಡಬೇಕು. ಎರಡು ಬೇರೆ ಮಾಸ್ಕ್ ಕೊಟ್ಟ ಮೇಲೆ 10,000 ಟ್ರೇಸ್ ತೆಗೆದರೂ ಗ್ರಾಫ್ ಚಪ್ಪಟೆ, ಸೋರಿಕೆಯ ಸುಳಿವೇ ಇಲ್ಲ. ಟ್ರೇಸ್‌ನ ಎರಡು ಬಿಂದುಗಳನ್ನು ಸೇರಿಸಿ ನೋಡುವ ದಾಳಿ ಇನ್ನೂ ಸಾಧ್ಯ, ಅದಕ್ಕೇ ಶಫ್ಲಿಂಗನ್ನೂ ಜೊತೆಗೆ ಉಳಿಸಿಕೊಂಡೆ. ಮಾಸ್ಕಿಂಗ್‌ಗೆ ಪ್ರತಿ ಸಲ 256 ಬೈಟ್‌ನ ಎಸ್-ಬಾಕ್ಸ್ ಟೇಬಲ್ ಹೊಸದಾಗಿ ಕಟ್ಟಬೇಕು, ವೇಗ ಇಳಿಯುತ್ತದೆ. ಇಳಿಯಲಿ.

ಈ ಮೂರೂ ವೋಲ್ಟೇಜ್ ಗ್ಲಿಚ್, ಅಂದರೆ ವೋಲ್ಟೇಜನ್ನು ಕ್ಷಣಮಾತ್ರ ಕೆಡಿಸಿ ಚಿಪ್ ತಪ್ಪುವಂತೆ ಮಾಡುವ ದಾಳಿಯನ್ನು ತಡೆಯಲ್ಲ. 2020ರಲ್ಲಿ ಕ್ರಾಕನ್ ಸೆಕ್ಯೂರಿಟಿ ಲ್ಯಾಬ್ಸ್‌ನವರು ಟ್ರೆಜರ್ ಎಂಬ ಬಿಟ್‌ಕಾಯಿನ್ ವ್ಯಾಲೆಟ್‌ನ ಎಸ್‌ಟಿಎಂ32 ಒಳಗಿನ ಸೀಡ್ (ಹಣ ಕಾಯುವ ಮೂಲ ಗುಟ್ಟು) ಹೊರತೆಗೆದದ್ದು ಅದೇ ದಾರಿಯಲ್ಲಿ. ಗ್ಲಿಚ್ ಕೊಟ್ಟು ತಪ್ಪು ಉತ್ತರ ಬರಿಸಿ, ಅದರಿಂದಲೂ ಎಇಎಸ್ ಕೀ ಹಿಡಿಯಬಹುದು. ಹಾಗಾಗಿ ಈಗ ಎನ್‌ಕ್ರಿಪ್ಟ್ ಆದದ್ದನ್ನು ಅಲ್ಲೇ ಡಿಕ್ರಿಪ್ಟ್ ಮಾಡಿಸುತ್ತೇನೆ. ಮೂಲಕ್ಕೆ ತಾಳೆಯಾದರೆ ಮಾತ್ರ ಚಿಪ್ ಉತ್ತರ ಕೊಡುತ್ತದೆ.