ಯುದ್ಧನೌಕೆ, ರಾಕ್ ಗಾರ್ಡನ್, ಬನವಾಸಿ: ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು?

ಉತ್ತರ ಕನ್ನಡದ ಚರಿತ್ರೆಯನ್ನು ಪ್ರೌಢಶಾಲೆಯ ಮಕ್ಕಳಿಗೆ ಕಣ್ಣಾರೆ ತೋರಿಸಲು ಕಾರವಾರದ ಯುದ್ಧನೌಕೆ ಸಂಗ್ರಹಾಲಯ, ಅದೇ ಊರಿನ ರಾಕ್ ಗಾರ್ಡನ್, ಶಿರಸಿ ತಾಲ್ಲೂಕಿನ ಬನವಾಸಿ ಈ ಮೂರರಲ್ಲಿ ಯಾವುದು ತಕ್ಕದ್ದೆಂದು ಕೇಳಿದರೆ, ವಿದ್ಯಾರ್ಥಿಗಳೊಂದಿಗೆ ಮೂರನ್ನೂ ನೋಡಿಬಂದ ಶಿಕ್ಷಕನಾದ ನನ್ನ ಉತ್ತರ ಬನವಾಸಿ. ಮಕ್ಕಳ ಮತವಾದರೋ ನೌಕೆಗೆ ಬೀಳುತ್ತದೆ, ಅದಕ್ಕೆ ಕಾರಣವೂ ಇದೆ.

ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಾಪೆಲ್ ಸೋವಿಯತ್ ನಿರ್ಮಿತ ಕ್ಷಿಪಣಿ ನೌಕೆ. ಅದರ ಇಕ್ಕಟ್ಟಾದ ಕೋಣೆಗಳಲ್ಲಿ ತಲೆ ತಗ್ಗಿಸಿ ನಡೆಯುವಾಗ ನಾವಿಕರ ಬದುಕಿನ ಬಿಗಿ ಯಾರೂ ವಿವರಿಸದೆಯೇ ಅರ್ಥವಾಗುತ್ತದೆ. ಇದೇ ನೌಕೆ 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತೆಂದು ಹೇಳುವವರು ಬಹಳ ಮಂದಿ. ಆದರೆ ಇದು ಸೇವೆಗೆ ಸೇರಿದ್ದು 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ. ಕೇಳಿದ ಮಾತನ್ನು ಇಸವಿಯ ಜೊತೆ ತಾಳೆ ನೋಡುವ ಅಭ್ಯಾಸಕ್ಕೆ ಇದು ಒಳ್ಳೆಯ ಉದಾಹರಣೆ. ಆದರೂ ಇದು ನೌಕಾಪಡೆಯ ಕಥೆ. ಸದಾಶಿವಗಡದ ಕೋಟೆಯಾಗಲಿ, ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗಾಗಿ ಊರು ಬಿಟ್ಟವರ ಬದುಕಾಗಲಿ ಇದರ ವಿಷಯವಲ್ಲ.

ಸಮೀಪದ ರಾಕ್ ಗಾರ್ಡನ್ನಿನಲ್ಲಿ ಹಾಲಕ್ಕಿ, ಸಿದ್ದಿ, ಗೌಳಿ ಮೊದಲಾದ ಸಮುದಾಯಗಳನ್ನು ಪ್ರತಿಮೆಗಳಲ್ಲಿ ತೋರಿಸಲಾಗಿದೆ. ಉಡುಗೆ ತೊಡುಗೆಗಳ ಪರಿಚಯಕ್ಕೆ ಅಷ್ಟು ಸಾಕು. 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲಾ ತಾಲ್ಲೂಕಿನ ಸುಕ್ರಿ ಬೊಮ್ಮಗೌಡರು ನೆನಪಿನಲ್ಲಿ ಕಾಪಾಡಿಕೊಂಡು ಬಂದ ಹಾಲಕ್ಕಿ ಹಾಡುಗಳನ್ನು ಪ್ರತಿಮೆ ಹೇಳಲಾರದು. ಅದಕ್ಕೆ ಹೋಳಿಯ ಹೊತ್ತಿನಲ್ಲಿ ಸುಗ್ಗಿ ಕುಣಿತದ ತಂಡ ಮನೆಯಂಗಳಕ್ಕೆ ಬರುವಾಗ ನಿಂತು ನೋಡುವುದೇ ಮೇಲು.

ಬನವಾಸಿಯಲ್ಲಿ ವಸ್ತುಗಳು ತಮ್ಮ ನೆಲೆಯಲ್ಲೇ ಉಳಿದಿವೆ. ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆಯ ಮೇಲೆ, ಕದಂಬರಿಗಿಂತ ಹಿಂದಿನ ಚುಟು ಅರಸರ ಕಾಲದ ಪ್ರಾಕೃತ ಶಾಸನವಿದೆ. ಅರಸನ ಮಗಳು ಶಿವಸ್ಕಂದನಾಗಶ್ರೀ ಈ ನಾಗನನ್ನೂ ಒಂದು ಕೆರೆಯನ್ನೂ ವಿಹಾರವನ್ನೂ ದಾನ ಮಾಡಿದಳೆಂದು ತಿಳಿಸುವ ಆ ಬರಹ, ಶಿಲ್ಪಿ ನಟಕನ ಹೆಸರನ್ನೂ ಅವನ ಗುರುವಿನ ಹೆಸರನ್ನೂ ಬಿಟ್ಟಿಲ್ಲ. ಆಳಿದವರ ಪಟ್ಟಿಯನ್ನಷ್ಟೇ ಬಾಯಿಪಾಠ ಮಾಡಿ ಬಂದ ಮಕ್ಕಳು ಕಲ್ಲು ಕೆತ್ತಿದವನ ಹೆಸರು ಕೇಳಿ ಪ್ರಶ್ನೆಗಳನ್ನು ಶುರುಮಾಡುವುದು ಇಲ್ಲಿಯೇ. ಅದೇ ಗುಡಿಯಲ್ಲಿ ಶತಮಾನಗಳ ಅನಂತರದ ಸೋದೆ ಅರಸರು ಒಪ್ಪಿಸಿದ, ನವುರಾದ ಕೆತ್ತನೆಯ ಕಲ್ಲಿನ ಮಂಚವೂ ಇರುವುದರಿಂದ ಒಂದು ರಾಜಮನೆತನದ ಕಥೆಗೆ ಪಾಠ ಸೀಮಿತವಾಗುವುದಿಲ್ಲ. ಪೂಜೆ ನಡೆಯುವ ಗುಡಿಯಾದ್ದರಿಂದ ಊರಿನವರ ಓಡಾಟವೂ ಇರುತ್ತದೆ, ಮಕ್ಕಳ ಪ್ರಶ್ನೆಗೆ ಉತ್ತರ ಕೊಡುವ ಹಿರಿಯರೊಬ್ಬರು ಸಿಕ್ಕರೂ ಸಿಗಬಹುದು.

ಒಂದು ಷರತ್ತು ಮಾತ್ರ ಇದೆ: ನೌಕೆಯನ್ನು ಸಿದ್ಧತೆಯಿಲ್ಲದೆಯೂ ನೋಡಬಹುದು, ಬನವಾಸಿಯನ್ನು ಹಾಗೆ ನೋಡಲಾಗದು. ಶಾಸನದ ಸಾರವನ್ನು ತರಗತಿಯಲ್ಲಿಯೇ ಓದಿಸಿ ಹೊರಡಬೇಕು. ಕದಂಬೋತ್ಸವದಲ್ಲಿ ಮೆರವಣಿಗೆ, ಕಲಾತಂಡಗಳ ಸಂಭ್ರಮ ಸೊಗಸೇ ಆದರೂ ಶಿಲೆಯ ಮುಂದೆ ನಿಧಾನವಾಗಿ ನಿಲ್ಲಲು ಸಾಧಾರಣ ದಿನವೇ ಅನುಕೂಲ. ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವ ಚಿಕ್ಕವರಿದ್ದರೆ ಮಾತ್ರ ನಾನೂ ಚಾಪೆಲ್ ನೌಕೆಯನ್ನೇ ಆರಿಸುತ್ತೇನೆ.