ಮೊದಲ ಯೋಜನೆಗೆ ಯಾವುದು: ಪೈ ಝೀರೋ 2 ಡಬ್ಲ್ಯೂ ಅಥವಾ ಪೈಕೋ?

ಎರಡೂ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್‌ಗಳ ಮನೆತನದವೇ, 2021ರಲ್ಲಿ ಬಂದವೇ. ಆದರೆ ಸ್ವಭಾವ ಬೇರೆ. ಝೀರೋ 2 ಡಬ್ಲ್ಯೂ ಪೂರ್ಣ ಕಂಪ್ಯೂಟರ್: ನಾಲ್ಕು ಕೋರ್, 512 ಎಂಬಿ ರ‍್ಯಾಮ್, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ವೈಫೈ. ಮನೆಯ ಜಾಲದಲ್ಲೇ ಜಾಹೀರಾತು ತಡೆಯುವ ಪೈ-ಹೋಲ್‌ನಂತಹ ಸಮುದಾಯದ ಯೋಜನೆಗಳಿಗೆ ಇದೇ ಬೇಕು.

ಪೈಕೋ ಬರಿಯ ಮೈಕ್ರೋಕಂಟ್ರೋಲರ್, ಅಂದರೆ ನೀವು ತುಂಬಿದ ಒಂದು ಪ್ರೋಗ್ರಾಂ ಅನ್ನಷ್ಟೇ ನಡೆಸುವ ಪುಟ್ಟ ಚಿಪ್‌ನ ಬೋರ್ಡ್. ರ‍್ಯಾಮ್ 264 ಕೆಬಿ ಮಾತ್ರ, ಆಪರೇಟಿಂಗ್ ಸಿಸ್ಟಮ್ ಇಲ್ಲ. ನಗಬೇಡಿ, ಗಿಡದ ಮಣ್ಣಿನ ತೇವ ಅಳೆಯಲು ಇದೇ ಮೇಲು. ಅನಲಾಗ್ ಸೆನ್ಸರನ್ನು (ಅಳತೆಯನ್ನು ಏರಿಳಿಯುವ ವೋಲ್ಟೇಜ್ ಆಗಿ ಕೊಡುವಂಥದ್ದು) ನೇರವಾಗಿ ಜೋಡಿಸಬಹುದು; ಝೀರೋಗೆ ಅದಕ್ಕೆ ಪ್ರತ್ಯೇಕ ಚಿಪ್ ಬೇಕು. ಪೈಕೋ ಮೇಲಿನ ಬೂಟ್‌ಸೆಲ್ ಗುಂಡಿ ಒತ್ತಿ ಹಿಡಿದು ಕಂಪ್ಯೂಟರಿಗೆ ಯುಎಸ್‌ಬಿ ಚುಚ್ಚಿದರೆ ಪೆನ್ ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. ಮೈಕ್ರೋಪೈಥಾನ್ (ಇಂಥ ಚಿಪ್‌ಗಳಿಗೆ ಹೊಂದಿಸಿದ ಪೈಥಾನ್ ಭಾಷೆ) ಕಡತವನ್ನು ಎಳೆದು ಹಾಕಿದರೆ ಮುಗಿಯಿತು. ವಿದ್ಯುತ್ ಹೋಗಿ ಬಂದರೂ ಕ್ಷಣದಲ್ಲಿ ಕೆಲಸಕ್ಕೆ ಕೂರುತ್ತದೆ. ಝೀರೋದ ಮೆಮೊರಿ ಕಾರ್ಡ್ ಮಾತ್ರ ಅಂತಹ ಆಘಾತಕ್ಕೆ ಕೆಲವೊಮ್ಮೆ ಕೆಡುತ್ತದೆ. ನನ್ನ ಒಂದು ಕಾರ್ಡ್ ಹಾಗೆಯೇ ಹೋಯಿತು.

ವೈಫೈ ಬೇಕೆಂದರೆ ಪೈಕೋ ಡಬ್ಲ್ಯೂ ಕೊಳ್ಳಿ, ಮೂಲ ಪೈಕೋದಲ್ಲಿ ಅದಿಲ್ಲ. ಕ್ಯಾಮೆರಾ ಅಥವಾ ಪರದೆಯ ಕೆಲಸವಿದ್ದರೆ ಯೋಚಿಸದೆ ಝೀರೋ.

ಬಿಡುಗಡೆಯಾದಾಗ ಪೈಕೋ 4 ಡಾಲರ್, ಝೀರೋ 2 ಡಬ್ಲ್ಯೂ 15. ಸುಟ್ಟುಹಾಕಿ ಕಲಿಯುವವರಿಗೆ ನಾನು ಪೈಕೋವನ್ನೇ ಹೇಳುತ್ತೇನೆ.